ಡೈವ್‌ಗಳ ಲೆಕ್ಕ ಮತ್ತು ಹವಳದ ಅಳಿವು

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಿಗಿಳಿಯುವ ಸ್ಕೂಬಾ ಡೈವಿಂಗ್ ದೊಡ್ಡ ಪ್ರವಾಸೋದ್ಯಮವಾಗಿ ಬೆಳೆದಂತೆ, ಹವಳದ ದಿಬ್ಬಗಳ ರಕ್ಷಣೆಯ ಹೊಣೆ ಹೊತ್ತವರು ಅದರ ಪರಿಣಾಮವನ್ನು ಅಳೆಯಲು ‘ಧಾರಣಾ ಸಾಮರ್ಥ್ಯ’ ಎಂಬ ಮಾನದಂಡವನ್ನು ಹಿಡಿದರು. ಒಂದು ತಾಣವು ಗಮನಾರ್ಹ ಹಾನಿಗೊಳಗಾಗದೆ ವರ್ಷಕ್ಕೆ ಎಷ್ಟು ಡೈವ್‌ಗಳನ್ನು ತಾಳಬಲ್ಲದು ಎಂಬ ಲೆಕ್ಕವಿದು. ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪವನ್ನು ಕುರಿತು 1993ರಲ್ಲಿ ಪ್ರಕಟವಾದ ಅಧ್ಯಯನವು ಈ ಮಿತಿಯನ್ನು ತಾಣವೊಂದಕ್ಕೆ 4,000ದಿಂದ 6,000 ಎಂದು ಅಂದಾಜಿಸಿತು; ಜೂಲಿ ಹಾಕಿನ್ಸ್ ಮತ್ತು ಕ್ಯಾಲಮ್ ರಾಬರ್ಟ್ಸ್ 1997ರಲ್ಲಿ 5,000ದಿಂದ 6,000 ಎಂದರು. ಮಿತಿಯೇ ಇಲ್ಲದೆ ಬೆಳೆಯುತ್ತಿದ್ದ ಉದ್ಯಮಕ್ಕೆ ಒಂದು ಗೆರೆಯನ್ನು ತೋರಿಸಿದ ಈ ಕೆಲಸಕ್ಕೆ ದೊಡ್ಡ ಬೆಲೆಯಿದೆ. ಆದರೆ ನುರಿತ ಡೈವರ್‌ನ ಒಂದು ಡೈವ್ ಮತ್ತು ತೋಳು ಬಡಿಯುತ್ತ ತಳಕ್ಕೆ ತಾಗುವ ಹೊಸಬನ ಒಂದು ಡೈವ್ ಈ ಲೆಕ್ಕದಲ್ಲಿ ಸರಿಸಮವಾಗಿಬಿಡುತ್ತವೆ. ಈ ಮಾನದಂಡದ ಮುಖ್ಯ ಕೊರತೆ ಇರುವುದು ಇಲ್ಲಿಯೇ.

ಹಾನಿ ಆಗುವ ಬಗೆಯನ್ನು ನೋಡಿದರೆ ಈ ಕೊರತೆ ಸ್ಪಷ್ಟವಾಗುತ್ತದೆ. ಹವಳವೆಂದರೆ ಪಾಲಿಪ್ ಎಂಬ ಸಣ್ಣ ಜೀವಿಗಳು ತಮ್ಮ ಸುತ್ತ ಸುಣ್ಣವನ್ನು ಸ್ರವಿಸಿ ಕಟ್ಟಿಕೊಂಡ ವಸಾಹತು. ಅದರ ಮೇಲಿನ ಜೀವಂತ ಪದರವು ಎಷ್ಟು ತೆಳುವೆಂದರೆ ಒಂದು ಗೀರು ಬಿದ್ದರೂ ರೋಗಾಣುಗಳಿಗೆ ದಾರಿ ತೆರೆಯುತ್ತದೆ. ಕವಲೊಡೆದು ಬೆಳೆಯುವ ಹವಳ ಬೇಗ ಮುರಿದರೂ ಬೇಗ ಚಿಗುರಬಲ್ಲದು, ಆದರೆ ಬಂಡೆಯಂತೆ ಗುಂಡಗೆ ಬೆಳೆಯುವ ಜಾತಿಗಳು ವರ್ಷಕ್ಕೆ ಹೆಚ್ಚೂಕಡಿಮೆ ಒಂದು ಸೆಂಟಿಮೀಟರ್ ಮಾತ್ರ ಬೆಳೆಯುವುದರಿಂದ ಅವುಗಳಿಗಾದ ಗಾಯ ದಶಕಗಳ ನಷ್ಟವಾಗಿ ಉಳಿಯುತ್ತದೆ. ಕೇವಲ 12 ಕಿಲೋಮೀಟರ್ ತೀರದಲ್ಲಿ ವರ್ಷಕ್ಕೆ ಎರಡೂವರೆ ಲಕ್ಷಕ್ಕೂ ಮಿಕ್ಕಿ ಡೈವ್‌ಗಳನ್ನು ಕಂಡ ಇಸ್ರೇಲಿನ ಐಲಾತ್‌ನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಡೈವರ್‌ಗಳು ಹವಳವನ್ನು ನೇರವಾಗಿ ಮುರಿದದ್ದಕ್ಕಿಂತ ಬಹಳ ಹೆಚ್ಚು ಬಾರಿ ತಳದ ಹೂಳನ್ನು ಕದಡಿ ಹವಳದ ಮೇಲೆ ಎಬ್ಬಿಸುತ್ತಿದ್ದರು. ಹೂಳು ಕವಿದಾಗ ಹವಳದೊಳಗೆ ವಾಸಿಸುವ ಪಾಚಿಗೆ ಬೆಳಕು ಸಿಗದು. ಲೋಳೆ ಸುರಿಸಿ ಮೈ ತೊಳೆದುಕೊಳ್ಳುವುದರಲ್ಲೇ ಹವಳದ ಶಕ್ತಿ ವ್ಯಯವಾಗುತ್ತದೆ. ಈ ಹಾನಿಯನ್ನು ಮಾಡುವುದು ಹೆಚ್ಚಾಗಿ ಕಾಲಿಗೆ ತೊಟ್ಟ ಉದ್ದನೆಯ ಫಿನ್. ಫಿನ್ ದೇಹದ ಹಿಂದೆ ಇರುವುದರಿಂದ, ಆದ ಹಾನಿ ಮಾಡಿದವನ ಕಣ್ಣಿಗೇ ಬೀಳುವುದಿಲ್ಲ.

ಕಾಣದ ತಪ್ಪನ್ನು ಉಪದೇಶದಿಂದ ತಿದ್ದಲು ಸಾಧ್ಯವೇ? ಈ ಪ್ರಶ್ನೆಗೆ ಎರಡು ಅಧ್ಯಯನಗಳು ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾದ ಉತ್ತರ ಕೊಡುತ್ತವೆ. ಈಜಿಪ್ಟಿನ ರಾಸ್ ಮೊಹಮ್ಮದ್ ರಾಷ್ಟ್ರೀಯ ಉದ್ಯಾನದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಿಳಿವಳಿಕೆ ಕೊಟ್ಟ ಮೇಲೆ ಪ್ರತಿ ಡೈವರ್ ಏಳು ನಿಮಿಷಕ್ಕೆ ಹವಳವನ್ನು ತಾಗುವ ಪ್ರಮಾಣ ಸರಾಸರಿ 1.4ರಿಂದ 0.4ಕ್ಕೆ ಇಳಿಯಿತು. ಸೇಂಟ್ ಲೂಸಿಯಾ ದ್ವೀಪದಲ್ಲಿ 353 ಡೈವರ್‌ಗಳನ್ನು ಗಮನಿಸಿ ನೋಲಾ ಬಾರ್ಕರ್ ಮತ್ತು ರಾಬರ್ಟ್ಸ್ 2004ರಲ್ಲಿ ಪ್ರಕಟಿಸಿದ ಅಧ್ಯಯನವಾದರೋ, ಅವರಲ್ಲಿ ಶೇ. 74ರಷ್ಟು ಮಂದಿ ದಿಬ್ಬವನ್ನು ತಾಗಿದ್ದರೆಂದೂ ದೋಣಿಯ ಮೇಲೆ ಹೇಳಿದ ಎಚ್ಚರಿಕೆಯ ಮಾತಿನಿಂದ ಏನೂ ಬದಲಾಗಲಿಲ್ಲವೆಂದೂ ತೋರಿಸಿತು. ವ್ಯತ್ಯಾಸಕ್ಕೆ ಕಾರಣವಿದೆ. ಮೊದಲನೆಯದರಲ್ಲಿ ಚಿತ್ರಗಳೊಂದಿಗೆ ಮುಕ್ಕಾಲು ಗಂಟೆಯ ವಿವರಣೆ ಇತ್ತು, ಬಳಿಕ ನೀರಿನೊಳಗೇ ಪ್ರಾತ್ಯಕ್ಷಿಕೆ ಇತ್ತು. ಎರಡನೆಯದರಲ್ಲಿ ಇದ್ದದ್ದು ವಾಡಿಕೆಯ ಸೂಚನೆಗಳ ನಡುವೆ ಸೇರಿಸಿದ ಒಂದೇ ವಾಕ್ಯ. ಅದೇ ಸೇಂಟ್ ಲೂಸಿಯಾದಲ್ಲಿ ಮಾರ್ಗದರ್ಶಕ ನೀರಿನೊಳಗೆ ಮಧ್ಯೆ ಪ್ರವೇಶಿಸಿ ತಿದ್ದಿದಾಗ ತಾಗುವಿಕೆ ಗಣನೀಯವಾಗಿ ತಗ್ಗಿತು. ಕ್ಯಾಮೆರಾ ಹಿಡಿದವರು ಉಳಿದವರಿಗಿಂತ ಬಹಳ ಹೆಚ್ಚು ತಾಗುತ್ತಿದ್ದರೆಂಬುದು ಆ ಅಧ್ಯಯನದ ಮತ್ತೊಂದು ಗಂಭೀರ ಫಲಿತಾಂಶ. ಕ್ಯಾಮೆರಾ ಹಿಡಿದು ನೀರಿಗಿಳಿಯುವವರು ಹೆಚ್ಚಿರುವ ಇಂದಿನ ದಿನಗಳಲ್ಲಿ ಅದರ ತೂಕ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಕಡಲು ಬಿಸಿಯಾಗಿ ಹವಳಗಳು ಸಾಮೂಹಿಕವಾಗಿ ಬಿಳುಚಿಕೊಂಡ 1998ರಂಥ ವರ್ಷಗಳ ವಿನಾಶದ ಎದುರು ಡೈವರ್‌ಗಳ ಪಾಲು ಅಲ್ಪವೆಂಬ ವಾದವಿದೆ, ಅದು ನಿಜವೂ ಹೌದು. ಆದರೆ ಆ ವಾದವನ್ನು ನೆಪವಾಗಿಸಿಕೊಳ್ಳುವುದು ತಪ್ಪು. ಬಿಸಿಯಿಂದ ನಲುಗಿ ಚೇತರಿಸಿಕೊಳ್ಳುತ್ತಿರುವ ಹವಳಕ್ಕೇ ಗಾಯ ಮತ್ತು ಹೂಳು ಅತಿ ಭಾರವಾಗುತ್ತವೆ. ಥಾಯ್ಲೆಂಡಿನ ಕೋ ತಾವೊದಲ್ಲಿ ಪ್ರವಾಸಿಗರ ದಟ್ಟಣೆಯ ತಾಣಗಳಲ್ಲಿ ಹವಳದ ರೋಗಗಳು ಉಳಿದೆಡೆಗಿಂತ ಸುಮಾರು ಮೂರು ಪಟ್ಟು ಹೆಚ್ಚಿದ್ದವೆಂದು 2014ರ ಅಧ್ಯಯನವೊಂದು ಕಂಡುಕೊಂಡಿದೆ. ಹಾಗೆಂದು, ಡೈವಿಂಗ್‌ನಿಂದ ಬರುವ ಹಣವೇ ಹವಳವನ್ನು ಕಾಯಬಲ್ಲದೆಂಬುದಕ್ಕೆ ಡೈವರ್‌ಗಳ ಶುಲ್ಕದಿಂದ ನಡೆಯುವ ಬೊನೇರ್ ಸಾಗರೋದ್ಯಾನ ಸಾಕ್ಷಿಯಾಗಿರುವುದರಿಂದ, ಡೈವಿಂಗ್ ನಿಷೇಧವನ್ನು ಪರಿಹಾರವೆನ್ನಲಾಗದು.

ಕರ್ನಾಟಕದ ಮಟ್ಟಿಗೆ ಈ ಚರ್ಚೆ ಸಲ್ಲುವುದು ಮುರುಡೇಶ್ವರದ ಆಚೆ ಕಡಲಿನಲ್ಲಿರುವ ನೇತ್ರಾಣಿ ದ್ವೀಪಕ್ಕೆ. ಮಳೆಗಾಲ ಕಳೆದ ಮೇಲೆ ಅಲ್ಲಿಗೆ ಬರುವವರಲ್ಲಿ ಬಹುಪಾಲು ಜನ ಡೈವಿಂಗ್ ಕಲಿತವರಲ್ಲ. ಅವರ ಸಿಲಿಂಡರನ್ನು ಹಿಡಿದು ತರಬೇತುದಾರನೇ ನೀರಿನೊಳಗೆ ಸುತ್ತಾಡಿಸುತ್ತಾನೆ. ಹೀಗಿರುವಾಗ ಪ್ರವಾಸಿಯ ಕಾಲು ಎಲ್ಲಿ ತಾಗುತ್ತದೆಂಬುದು ಬಹುಮಟ್ಟಿಗೆ ತರಬೇತುದಾರನ ಕೈಯಲ್ಲೇ ಇದೆ. ಹೊಸಬರಿಂದ ಹಾನಿ ಹೆಚ್ಚೆಂಬ ಆತಂಕಕ್ಕೂ, ನೀರಿನೊಳಗಿನ ಹಸ್ತಕ್ಷೇಪ ಫಲಕಾರಿ ಎಂಬ ಭರವಸೆಗೂ ನೇತ್ರಾಣಿಯಲ್ಲಿ ಏಕಕಾಲಕ್ಕೆ ಆಸ್ಪದವಿದೆ. ಆದ್ದರಿಂದ ಅಲ್ಲಿನ ಪರವಾನಗಿಯ ಷರತ್ತುಗಳು ದಿನಕ್ಕೆ ಎಷ್ಟು ಜನ ಎಂಬಲ್ಲಿಗೆ ನಿಲ್ಲದೆ, ಒಬ್ಬ ತರಬೇತುದಾರ ಒಮ್ಮೆಗೆ ಎಷ್ಟು ಜನರನ್ನು ಕರೆದೊಯ್ಯಬಹುದು, ವಿಡಿಯೋ ತೆಗೆಯಲು ನಿಲ್ಲುವುದಾದರೆ ಹವಳದಿಂದ ಎಷ್ಟು ದೂರದಲ್ಲಿ ನಿಲ್ಲಬೇಕು, ದೋಣಿಗಳು ಲಂಗರು ಬಿಡದೆ ಕಾಯಂ ತೇಲುಬುರುಡೆಗೇ ಕಟ್ಟಿಕೊಳ್ಳಬೇಕೆ ಎಂಬುದನ್ನೂ ವಿಧಿಸಬೇಕು. ತರಬೇತುದಾರನ ಅರ್ಹತೆಯನ್ನು ಪ್ರವಾಸಿಯ ಪ್ರಾಣರಕ್ಷಣೆಯ ಜೊತೆಗೆ ಹವಳದ ರಕ್ಷಣೆಯಿಂದಲೂ ಅಳೆಯಬೇಕು.