ಔಷಧಪರೀಕ್ಷೆಯ ಒಪ್ಪಿಗೆಪತ್ರಗಳ ಕನ್ನಡ

ಹೊಸ ಔಷಧವನ್ನು ಮನುಷ್ಯರಲ್ಲಿ ಪರೀಕ್ಷಿಸುವುದಕ್ಕೆ ಮುಂಚೆ ಅವರಿಂದ ಬರೆಯಿಸಿಕೊಳ್ಳುವ ಒಪ್ಪಿಗೆಪತ್ರವು ಸಾಹಿತ್ಯವಿಮರ್ಶೆಗೆ ವಿಷಯವಾದೀತೆ ಎಂದು ವಾಚಕರು ಸಂದೇಹಪಡಬಹುದು. ಆದರೆ ವಾಕ್ಯದಿಂದ ಅರ್ಥಬೋಧೆಯು ಹೇಗಾಗುವುದೆಂಬ ಪ್ರಶ್ನೆಗೆ ಇದಕ್ಕಿಂತ ಕಠಿನವಾದ ನಿದರ್ಶನವು ನನಗೆ ದೊರೆತಿಲ್ಲ. ಕಾವ್ಯವು ತಿಳಿಯದಿದ್ದರೆ ರಸಹಾನಿ ಮಾತ್ರ. ಇದು ತಿಳಿಯದಿದ್ದರೆ ದೇಹಕ್ಕೇ ಹಾನಿಯುಂಟಾಗಬಹುದು.

ಕೆಲವು ವರ್ಷಗಳ ಕೆಳಗೆ ಒಂದು ವೈದ್ಯಸಂಸ್ಥೆಯವರು ಇಂತಹ ಪತ್ರವೊಂದರ ಕನ್ನಡ ಪ್ರತಿಯನ್ನು ತಿದ್ದಿಕೊಡಬೇಕೆಂದು ಕೇಳಿದರು. ಒಟ್ಟು 22 ಪುಟಗಳು. 'ಯಾದೃಚ್ಛಿಕೀಕರಣ', 'ದ್ವಿ-ಅಂಧ ಅಧ್ಯಯನ', 'ಪ್ರತಿಕೂಲ ಘಟನೆ' ಎಂಬಿವೇ ಮೊದಲಾದ ಪದಗಳಿಂದ ಅದು ತುಂಬಿದ್ದಿತು. ಸಂಸ್ಕೃತಪಾಠಶಾಲೆಯಲ್ಲಿ ಬೆಳೆದ ನನಗೆ ಈ ಶಬ್ದಗಳಲ್ಲಿ ವೈರವಿಲ್ಲ. ಮೊದಲನೆಯದರ ಪ್ರಕ್ರಿಯೆಯನ್ನು ಮನಸ್ಸಿನಲ್ಲಿಯೇ ಸಾಧಿಸಿ ಸಂತೋಷವನ್ನೂ ಪಟ್ಟೆನು. ನಾಲ್ಕಾರು ಕಾಗುಣಿತದ ತಪ್ಪುಗಳನ್ನು ತಿದ್ದಿ, ಪತ್ರವು ಶುದ್ಧವಾಗಿದೆಯೆಂದು ಬರೆದಿಟ್ಟೆನು. ಮರುದಿನ ನಮ್ಮ ಮನೆಗೆ ಹೂವು ತರುವ ವೃದ್ಧೆಗೆ, ಆಕೆಗೂ ಸಕ್ಕರೆಯ ರೋಗವಿದ್ದುದರಿಂದ, ಕುತೂಹಲಕ್ಕೆಂದು ಒಂದು ಪುಟವನ್ನು ಓದಿ ಹೇಳಿದೆನು. ಆಕೆಯು ಎಲ್ಲವನ್ನೂ ಕೇಳಿ, "ಅಯ್ನೋರೆ, ಈ ಔಸ್ದಿ ತಕ್ಕೊಂಡ್ರೆ ಎರಡು ಕಣ್ಣೂ ಹೋಯ್ತವಾ?" ಎಂದಳು. ಯಾರಿಗೆ ಯಾವ ಔಷಧವು ಸಂದಿದೆಯೆಂಬುದು ರೋಗಿಗೂ ವೈದ್ಯನಿಗೂ ತಿಳಿಯದಂತೆ ಇಡುವುದೇ 'ದ್ವಿ-ಅಂಧ'ವೆಂದು ನಾನು ಬಿಡಿಸಿ ಹೇಳಬೇಕಾಯಿತು. ಹಿಂದಿನ ದಿನದ ನನ್ನ ಪ್ರಶಸ್ತಿಯನ್ನು ಹರಿದುಹಾಕಿದೆನು.

ದೋಷವೆಲ್ಲಿದೆ? ವಾಕ್ಯಕ್ಕೆ ಬೇಕಾದ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಮೂರೂ ಅಲ್ಲಿವೆ. ಇಲ್ಲದುದು ಕೇಳುವವರಲ್ಲಿ ಶಕ್ತಿಗ್ರಹ, ಎಂದರೆ ಈ ಪದಕ್ಕೆ ಈ ಅರ್ಥವೆಂಬ ತಿಳಿವಳಿಕೆ. ಅದು ವ್ಯಾಕರಣದಿಂದ, ಕೋಶದಿಂದ, ಆಪ್ತವಾಕ್ಯದಿಂದ, ವ್ಯವಹಾರದಿಂದ, ಇನ್ನೂ ಕೆಲವು ಬಗೆಗಳಿಂದ ಉಂಟಾಗುವುದೆಂದು ನೈಯಾಯಿಕರು ಎಣಿಸುತ್ತಾರೆ. ಅವುಗಳೊಳಗೆ ವೃದ್ಧವ್ಯವಹಾರವೇ ಮುಖ್ಯವೆನ್ನುತ್ತಾರೆ. ಈ ಪತ್ರದ ಪದಗಳು ವ್ಯಾಕರಣಕೋಶಗಳಿಂದ ಹುಟ್ಟಿದವು. ಕೇಳುವವಳಿಗೆ ವ್ಯವಹಾರವಲ್ಲದೆ ಬೇರೆ ಕೋಶವಿಲ್ಲ. 'ಅಂಧ'ವೆಂಬುದನ್ನು ವ್ಯವಹಾರದಲ್ಲಿ ಕೇಳಿದ್ದಳು, ಆದುದರಿಂದಲೇ ಹೆದರಿದಳು.

ಇಂತಹ ಭಾಷಾಂತರವು ಪರೀಕ್ಷಿತವಾಗಿಯೇ ಹೊರಬೀಳುವುದೆಂಬುದು ಗಮನಿಸತಕ್ಕ ಸಂಗತಿ. ಕನ್ನಡ ಪ್ರತಿಯನ್ನು ಮತ್ತೊಬ್ಬರಿಂದ ಇಂಗ್ಲಿಷಿಗೆ ಹಿಂತಿರುಗಿಸಿ ಮೂಲದೊಡನೆ ಹೋಲಿಸುವ ಪದ್ಧತಿಯಿದೆ. 'ಯಾದೃಚ್ಛಿಕೀಕರಣ'ವು ರ‍್ಯಾಂಡಮೈಸೇಷನ್ ಎಂದು ಚ್ಯುತಿಯಿಲ್ಲದೆ ಮರಳಿ ಬರುವುದು. 'ಚೀಟಿ ಎತ್ತಿದಂತೆ' ಎಂದು ಬರೆದರೆ ಬರಲಾರದು. ಹೀಗೆ ಈ ಪರೀಕ್ಷೆಯಲ್ಲಿ ತಿಳಿಯದ ಮಾತು ತೇರ್ಗಡೆಯಾಗುವುದು, ತಿಳಿಯುವ ಮಾತು ನಪಾಸಾಗುವುದು. ಇಬ್ಬರು ಇಂಗ್ಲಿಷ್ ಬಲ್ಲವರ ನಡುವೆ ಪತ್ರವು ಹೋಗಿಬಂದಿತೆಂಬುದಷ್ಟೇ ಇದರಿಂದ ಸಿದ್ಧವಾಗುವುದು. 2019ರ ಹೊಸ ಔಷಧಗಳ ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಾವಳಿಯು ಶಾಸ್ತ್ರಪರಿಭಾಷೆಯಿಲ್ಲದ, ತಿಳಿಯುವ ಭಾಷೆಯನ್ನೇ ವಿಧಿಸಿದೆ. ಓದಲು ಬಾರದವರಿಗೆ ವಿವರಿಸುವಾಗ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬನು ಆದ್ಯಂತವಾಗಿ ಇರಬೇಕೆಂದೂ ಹೇಳಿದೆ. ಆ ಸಾಕ್ಷಿಗಾದರೂ ಪತ್ರವು ತಿಳಿಯಬೇಡವೆ?

ಇದರ ಫಲವು ಎರಡು ವಿಧ. ತಿಳಿಯಹೇಳುವ ಶ್ರಮಕ್ಕೆ ಅಂಜಿ ನಿರಕ್ಷರರನ್ನು ಬಿಟ್ಟು ಓದುಬಲ್ಲವರನ್ನೇ ಆರಿಸುವುದು ಒಂದು. ಪ್ರಕೃತಿ, ಸಾರ, ಸಾತ್ಮ್ಯ, ಆಹಾರಶಕ್ತಿ, ವಯಸ್ಸು ಮೊದಲಾದ ಹತ್ತು ಬಗೆಯಿಂದ ರೋಗಿಯನ್ನು ನೋಡಬೇಕೆಂದು ಚರಕಸಂಹಿತೆಯ ವಿಮಾನಸ್ಥಾನವು ಹೇಳುವುದು. ರಾಗಿಯುಂಡು ಬಿಸಿಲಲ್ಲಿ ದುಡಿಯುವ ದೇಹವನ್ನು ನೋಡದೆಯೇ ಅದಕ್ಕೆ ಔಷಧದ ಪ್ರಮಾಣವನ್ನು ನಿಶ್ಚಯಿಸಿದಂತಾಯಿತು. ಎರಡನೆಯದು ಇನ್ನೂ ಕೆಟ್ಟದು: ಸೇರಿಸಿಕೊಳ್ಳುವುದು, ಆದರೆ ಕೇಳದೆ. 2009ರಲ್ಲಿ ಆಂಧ್ರದ ಖಮ್ಮಂ ಜಿಲ್ಲೆಯ ಬಾಲಿಕೆಯರಿಗೆ, ಅವರಲ್ಲಿ ಅನೇಕರು ಬುಡಕಟ್ಟಿನವರು, ಗರ್ಭಕಂಠದ ಕ್ಯಾನ್ಸರಿನ ಲಸಿಕೆಯನ್ನು ಕೊಟ್ಟಾಗ ಪಡೆದ 9,543 ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದವರು ವಿದ್ಯಾರ್ಥಿನಿಲಯದ ವಾರ್ಡನ್‌ಗಳೆಂದು 2013ರ ಸಂಸದೀಯ ಸಮಿತಿಯ ವರದಿಯು ಹೇಳಿತು. 1,948ರಲ್ಲಿ ಹೆಬ್ಬೆಟ್ಟಿನ ಗುರುತಿದ್ದಿತು. ಲಸಿಕೆಯ ಗುಣದೋಷವು ಇಲ್ಲಿ ನಮ್ಮ ವಿಷಯವಲ್ಲ. ವಾಕ್ಯವು ಯಾರನ್ನು ಉದ್ದೇಶಿಸಿತ್ತೋ ಅವರನ್ನು ಮುಟ್ಟಲಿಲ್ಲವೆಂಬುದೇ ವಿಷಯ.

ಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ಅಧಿಕಾರವಿಚಾರವು ಯಾರು ಯಾರನ್ನು ಹೊರಗಿಟ್ಟಿತೆಂಬುದನ್ನು ಓದಿ ಬೆಳೆದವನು ನಾನು. ವಿದ್ಯೆಯಿಲ್ಲವೆಂಬ ಹೇತುವು ಎಷ್ಟು ಸುಲಭವಾಗಿ ಕೈಗೆ ಸಿಗುವುದೆಂಬುದನ್ನು ಬಲ್ಲೆನು. 1964ರ ಹೆಲ್ಸಿಂಕಿ ಘೋಷಣೆಯನ್ನು 2024ರಲ್ಲಿ ಪರಿಷ್ಕರಿಸಿದವರು, ಪ್ರಯೋಗಕ್ಕೆ ಒಳಗಾಗುವವರನ್ನು ಸೂಚಿಸುತ್ತಿದ್ದ ಹಳೆಯ ಪದವನ್ನು ತೆಗೆದು 'ಭಾಗವಹಿಸುವವರು' ಎಂಬರ್ಥದ ಪದವನ್ನು ಇಟ್ಟಿದ್ದಾರೆ. ದುರ್ಬಲರನ್ನು ಸೇರಿಸುವುದರ ಹಾನಿಯಂತೆ ಬಿಡುವುದರ ಹಾನಿಯನ್ನೂ ತೂಗಬೇಕೆಂದಿದ್ದಾರೆ. ನಮ್ಮ 2019ರ ನಿಯಮಾವಳಿಯ ಇಂಗ್ಲಿಷಿನಲ್ಲಿ ಹಳೆಯ ಪದವೇ ಇದ್ದಿತು. ಕನ್ನಡದಲ್ಲಿ 'ಭಾಗಿ' ಎನ್ನಬಹುದೆಂದು ನನ್ನ ಮತ. ಫಲದಲ್ಲಿಯೂ ಪಾಲುಳ್ಳವರೆಂಬ ಅರ್ಥವು ಅದರಲ್ಲಿ ತಾನಾಗಿಯೇ ಬರುವುದು.

ಆ ಪತ್ರದ ಆರು ಪುಟಗಳನ್ನು ನಾನು ಬೇರೆಯಾಗಿ ಬರೆದೆನು: "ನಿಮಗೆ ಹೊಸ ಔಷಧ ಬರುವುದೋ, ಔಷಧವಿಲ್ಲದ ಗುಳಿಗೆ ಬರುವುದೋ, ಚೀಟಿ ಎತ್ತಿದಂತೆ ಗೊತ್ತಾಗುತ್ತದೆ. ಯಾವುದು ಬಂದಿತೆಂದು ನಿಮಗೂ ಡಾಕ್ಟರಿಗೂ ಹೇಳುವುದಿಲ್ಲ." ಹೂವಿನ ವೃದ್ಧೆಗೆ ಮತ್ತೆ ಓದಿದೆನು. ಆಕೆ ಸ್ವಲ್ಪ ಯೋಚಿಸಿ, "ಚೀಟಿ ಎತ್ತೋರು ಯಾರು?" ಎಂದು ಕೇಳಿದಳು. 22 ಪುಟಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಸಂಸ್ಥೆಯವರಿಗೆ ಬರೆದು ಕೇಳಿದ್ದೇನೆ.