ಉದಾಹರಣೆಯಾಗಿ ಬಂದವರು

ಬಂಡವಾಳಶಾಹಿಯನ್ನು ಎದುರಿಸುವ ಸಿದ್ಧಾಂತಗಳ ಸಂಕಲನ ಕೈಗೆ ಬಂದಾಗ ದಲಿತ ಓದುಗ ಮೊದಲು ಪರಿವಿಡಿ ನೋಡಬೇಕು. ಯಾರು ಲೇಖಕರು, ಯಾರು ಉದಾಹರಣೆ ಅನ್ನೋದು ಅಲ್ಲೇ ಅರ್ಧ ತೀರ್ಮಾನವಾಗಿರುತ್ತೆ. ಕೆನ್ ನ್ಯಾಬ್ 1981ರಲ್ಲಿ ಅಮೆರಿಕದ ಬರ್ಕ್ಲಿಯಿಂದ ಇಂಗ್ಲಿಷಿನಲ್ಲಿ ತಂದ 'ಸಿಚುಯೇಷನಿಸ್ಟ್ ಇಂಟರ್‌ನ್ಯಾಷನಲ್ ಆಂಥಾಲಜಿ' ಇಂಥ ಓದಿಗೆ ತಕ್ಕ ಪುಸ್ತಕ. ಯುರೋಪಿನ ಕೆಲವು ಕಲಾವಿದರು, ಬರಹಗಾರರು 1957ರಲ್ಲಿ ಕಟ್ಟಿ 1972ರಲ್ಲಿ ತಾವೇ ಮುಚ್ಚಿದ ಸಣ್ಣ ಗುಂಪಿನ ಬರಹಗಳಿವು. (ಹೆಸರು ನಾಲಿಗೆಗೆ ತೊಡಕು, ಇರಲಿ.) ಪ್ಯಾರಿಸ್ಸಿನಿಂದ ಅವರ ಪತ್ರಿಕೆ 12 ಸಂಚಿಕೆ ಬಂತು. ಯಾರು ಬೇಕಾದರೂ ಮರುಮುದ್ರಿಸಬಹುದು, ಅನುವಾದಿಸಬಹುದು ಅಂತ ಅದರಲ್ಲೇ ಅಚ್ಚು ಹಾಕಿದ್ದರು. ನ್ಯಾಬ್ ಕೂಡ ಹಾಗೇ ಮಾಡಿದ. ಬರಹವನ್ನು ಸರಕು ಮಾಡೋಲ್ಲ ಅಂದು ಅಂದಂತೆ ನಡೆದವರು, ಅಷ್ಟಕ್ಕೆ ಮೆಚ್ಚಲೇಬೇಕು.

ಇವರ ಪ್ರಯೋಗಗಳಲ್ಲಿ ಒಂದು 'ದೆರೀವ್', ಅಂದರೆ ಅಲೆದಾಟ. ಕೆಲಸ, ಕೊಳ್ಳುವಿಕೆ ಎಲ್ಲ ಬಿಟ್ಟು ಬೀದಿ ಎಳೆದ ಕಡೆ ಹೋಗೋದು, ನಗರ ಮನಸ್ಸಿಗೆ ಏನು ಮಾಡುತ್ತೆ ಅಂತ ಬರೆಯೋದು. ಓದೋಕೆ ಚೆಂದ. ಆದರೆ ಅಲೆಯುವ ಕಾಲು ಯಾರದು? ಗುಂಪಿನಲ್ಲಿದ್ದ ಅಲ್ಜೀರಿಯದ ಅಬ್ದೆಲ್‌ಹಾಫಿದ್ ಖತೀಬ್ ಪ್ಯಾರಿಸ್ಸಿನ ಲೆ ಆಲ್ ಮಾರುಕಟ್ಟೆ ಪ್ರದೇಶವನ್ನು ಹೀಗೆ ಅಲೆದು ಬರೆಯಲು ಹೊರಟ. ಅದು 1958, ಅಲ್ಜೀರಿಯದ ಸ್ವಾತಂತ್ರ್ಯ ಯುದ್ಧದ ಕಾಲ. ಉತ್ತರ ಆಫ್ರಿಕದವರು ರಾತ್ರಿ ಬೀದಿಯಲ್ಲಿ ಕಾಣಿಸಕೂಡದು ಅಂತ ಪೊಲೀಸರ ಕಟ್ಟಪ್ಪಣೆ. ಖತೀಬ್ ಎರಡು ಸಲ ಸಿಕ್ಕಿಬಿದ್ದ, ಎರಡು ರಾತ್ರಿ ಲಾಕಪ್ಪಿನಲ್ಲಿ ಕಳೆದ, ಕೆಲಸ ಕೈಬಿಟ್ಟ. ಡಿಸೆಂಬರ್ 1958ರ ಸಂಚಿಕೆಯಲ್ಲಿ ಅರೆಬರೆ ಬರಹದ ಕೊನೆಗೆ ಸಂಪಾದಕರು ಇದನ್ನು ಒಂದು ಟಿಪ್ಪಣಿಯಾಗಿ ಸೇರಿಸಿದ್ದಾರೆ. ನನ್ನ ಮಟ್ಟಿಗೆ ಆ ಟಿಪ್ಪಣಿಯೇ ಸಿದ್ಧಾಂತ, ಮೇಲಿನದು ಪೀಠಿಕೆ. ಬೀದಿಗೆ ಸೆಳೆತ ಇರುವ ಹಾಗೆ ತಡೆಯೂ ಇರುತ್ತೆ, ಆ ತಡೆ ಎಲ್ಲರ ಕಾಲಿಗೂ ಒಂದೇ ಆಗಿರೋದಿಲ್ಲ. ವೈಕಂ ದೇವಸ್ಥಾನದ ಸುತ್ತಲ ರಸ್ತೆಯಲ್ಲಿ ನಡೆಯೋದಕ್ಕೇ 1924ರಲ್ಲಿ ಸತ್ಯಾಗ್ರಹ ಹೂಡಬೇಕಾಯ್ತಲ್ಲ, ಆ ಕಡೆಯಿಂದ ಬಂದ ಓದುಗನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ವಾಟ್ಸ್. 1965ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನ ಈ ಕಪ್ಪು ಜನರ ಕೇರಿ ಹೊತ್ತಿ ಉರಿಯಿತು, 34 ಜನ ಸತ್ತರು. ಲೂಟಿಕೋರರು ಅನ್ನುವ ಕೂಗು ಎದ್ದಾಗ ಈ ಗುಂಪು ಲೂಟಿ ಮಾಡಿದವರ ಪರ ನಿಂತಿತು. ಗಿ ದೆಬೋರ್ ಬರೆದ ಲೇಖನವನ್ನು ಅದೇ ಡಿಸೆಂಬರಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿ ಅಮೆರಿಕದಲ್ಲಿ ಹಂಚಿದರು. ನ್ಯಾಬ್ ಸಂಕಲನದಲ್ಲಿ ಅದಿದೆ. ಅಂಗಡಿ ನುಗ್ಗಿದ್ದು ಸರಕಿನ ಲೋಕದ ಮೇಲಿನ ಬಂಡಾಯ ಅಂತ ಅದರ ವಾದ. ಕರೆಂಟಿಲ್ಲದ ಮನೆಗೆ ಫ್ರಿಜ್ ಹೊತ್ತೊಯ್ದವರಲ್ಲಿ ಅದು ಸಮೃದ್ಧಿಯ ಸುಳ್ಳು ಬಯಲಾದದ್ದನ್ನು ಕಾಣುತ್ತೆ. ಚುರುಕಾದ ಓದು. ಆದರೆ ಫ್ರಿಜ್ ಹೊತ್ತವನ ಮಾತು ಅಲ್ಲಿಲ್ಲ. ನಾಳೆ ಕರೆಂಟು ಬಂದೀತು ಅಂದುಕೊಂಡಿದ್ದನೋ, ಮಾರಿ ಬಾಡಿಗೆ ಕಟ್ಟುವ ಲೆಕ್ಕವಿತ್ತೋ? ಸರಕು ಎಲ್ಲರನ್ನೂ ಒಂದೇ ಥರದ ಗಿರಾಕಿ ಮಾಡುತ್ತೆ ಅನ್ನುವುದೂ ಪೂರ್ತಿ ನಿಜವಲ್ಲ. ಬೇರೆ ಲೋಟ ಇಟ್ಟ ಹೋಟೆಲಿನಲ್ಲಿ ದುಡ್ಡು ಕೊಟ್ಟರೂ ಟೀ ಬರೀ ಟೀಯಾಗಿ ಸಿಗೋದಿಲ್ಲ, ಜಾತಿ ಸಮೇತ ಸಿಗುತ್ತೆ.

ದಂಗೆಯೆದ್ದವರು ತಮ್ಮ ಕ್ರಿಯೆಯಲ್ಲಿ ಹುಡುಕಿದ ಸತ್ಯವನ್ನು ಸಿದ್ಧಾಂತವಾಗಿ ಬಿಡಿಸಿಡುವುದು ಕ್ರಾಂತಿಕಾರಿ ಪತ್ರಿಕೆಯ ಕೆಲಸ ಅಂತ ಲೇಖನ ಹೇಳಿಕೊಳ್ಳುತ್ತೆ. ಕೈ ಅವರದು, ತಲೆ ಇವರದು. ಯೋಚನೆ ಮತ್ತು ದುಡಿಮೆಯ ನಡುವಿನ ಗೋಡೆ ಒಡೀತೀವಿ ಅಂದವರೇ ಇದನ್ನು ಬರೆದದ್ದು!

ಅದೇ ವಾಟ್ಸ್‌ನಿಂದ 1967ರಲ್ಲಿ ಇನ್ನೊಂದು ಸಂಕಲನ ಬಂತು, 'ಫ್ರಮ್ ದಿ ಆ್ಯಶಸ್'. ಗಲಭೆಯ ನಂತರ ಹಾಲಿವುಡ್ಡಿನ ಬಿಳಿಯ ಲೇಖಕ ಬಡ್ ಶುಲ್ಬರ್ಗ್ ಅಲ್ಲಿ ಬರವಣಿಗೆಯ ಕಮ್ಮಟ ತೆರೆದಿದ್ದ, ಸಂಪಾದಕನೂ ಅವನೇ. ಅಲ್ಲಿ ಕೇರಿಯವರಿಗೆ ಹೆಸರಿದೆ, ಕಥೆ ಕವಿತೆ ಇದೆ. ಆದರೆ ಉಪಶೀರ್ಷಿಕೆ 'ವಾಟ್ಸ್‌ನ ದನಿಗಳು' ಅನ್ನುತ್ತೆ. ಅಲ್ಲಿ ಸಿದ್ಧಾಂತ, ಇಲ್ಲಿ ದನಿ. ಗೋಪಾಲ್ ಗುರು 2002ರಲ್ಲಿ ಭಾರತದ ಸಮಾಜವಿಜ್ಞಾನದಲ್ಲಿ ಸಿದ್ಧಾಂತ ಮಾಡುವ ಬ್ರಾಹ್ಮಣರು, ಮಾಹಿತಿ ಒದಗಿಸುವ ಶೂದ್ರರು ಅಂತ ಎರಡು ಪಂಗಡ ಇದೆ ಎಂದದ್ದು ಈ ಎರಡು ಪುಸ್ತಕಗಳಿಗೂ ಸರಿಯಾಗಿ ಹೊಂದುತ್ತೆ. ದಲಿತ ಕೃತಿಯ ವಿಮರ್ಶೆ ಬರೆಯುವ ಕನ್ನಡದವರು 'ಅನುಭವದ ದಟ್ಟತೆ' ಅಂತ ಹೊಗಳಿ ಪೆನ್ನು ಮುಚ್ಚುವುದೂ ಇದೇ ರೋಗ.

ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಬೇಡವೆಂದ ಭಾಷಣವನ್ನು ಅಂಬೇಡ್ಕರ್ 1936ರಲ್ಲಿ ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿದರು. ಮಂಡಲದ ಜೊತೆ ನಡೆದ ಪತ್ರಗಳನ್ನೂ ಜೊತೆಗಿಟ್ಟರು. 1937ರ ಮುದ್ರಣಕ್ಕೆ ಗಾಂಧಿಯ ಆಕ್ಷೇಪ, ಅದಕ್ಕೆ ತಮ್ಮ ಉತ್ತರ ಎರಡನ್ನೂ ಸೇರಿಸಿದರು. ಮಾಡದೇ ಹೋದ ಭಾಷಣ, ಜಗಳದ ಕಾಗದ, ಎದುರಾಳಿಯ ಮಾತು, ಎಲ್ಲ ಒಂದೇ ಹೊತ್ತಗೆಯಲ್ಲಿ. ಜಾತಿ ಹಂಚುವುದು ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಮೇಲುಕೀಳಾಗಿ ಅಂತ ತೋರಿಸಿದ ವಾದವೂ ಅಲ್ಲಿದೆ. ಇದು ಪ್ರಯೋಗವೂ ಹೌದು, ಸಿದ್ಧಾಂತವೂ ಹೌದು. ಬಂಡವಾಳ ವಿರೋಧಿ ಬರಹಗಳ ಮುಂದಿನ ಸಂಕಲನದಲ್ಲಿ ಇದನ್ನು ಮಾರ್ಕ್ಸನ ಪಕ್ಕ ಇಡುತ್ತಾರೋ, ಹಿಂದಿನ 'ದನಿಗಳು' ಭಾಗಕ್ಕೆ ತಳ್ಳುತ್ತಾರೋ, ಪರಿವಿಡಿ ನೋಡಿ.