ಸಿಗ್ನಲ್ಲಿನಲ್ಲಿ ಪದ್ಮಿನಿ

ಕೋಟಿ ರೂಪಾಯಿಯ ಕಾರು ಪಕ್ಕ ಬಂದು ನಿಂತರೆ ಬೆಂಗಳೂರಿನ ಜನ ಓರೆಗಣ್ಣಲ್ಲಿ ನೋಡಿ ಸುಮ್ಮನಾಗುತ್ತಾರೆ. ಪ್ರೀಮಿಯರ್ ಪದ್ಮಿನಿ ನಿಂತರೆ ಮಾತಿಗೇ ಇಳಿಯುತ್ತಾರೆ. "ಯಾವ ಮಾಡೆಲ್ ಸಾರ್, ಕೊಡ್ತೀರಾ?" ಎನ್ನುವುದು ಆಟೋದವರ ಮಾಮೂಲಿ ಪ್ರಶ್ನೆ. ವಯಸ್ಸಾದವರು ಬೆಲೆ ಕೇಳುವುದಿಲ್ಲ. "ನಮ್ಮ ಮಾವನವರ ಹತ್ರ ಇತ್ತು, ನಮ್ಮ ಮದುವೆ ದಿಬ್ಬಣ ಹೋಗಿದ್ದೇ ಅದರಲ್ಲಿ" ಎಂದು ಶುರುಮಾಡಿದರೆ ಹಸಿರು ದೀಪ ಬಂದರೂ ಮುಗಿಯುವುದಿಲ್ಲ. ಅವರ ಬಾಯಲ್ಲಿ ಅದು ಇಂದಿಗೂ ಫಿಯೆಟ್ಟೇ. 1964ರಲ್ಲಿ ಫಿಯೆಟ್ 1100 ಡಿಲೈಟ್ ಆಗಿ ಬಂದ ಗಾಡಿ ಪದ್ಮಿನಿಯಾದದ್ದು ಎಪ್ಪತ್ತರ ದಶಕದಲ್ಲಿ.

ಹುಡುಗರ ಕಣ್ಣು ಮಾತ್ರ ಸ್ಟೀರಿಂಗಿಗೆ ಅಂಟಿಕೊಂಡ ಗೇರ್ ರಾಡಿನ ಮೇಲೆ. ಅದು ವೈಪರ್ ಸ್ವಿಚ್ಚಲ್ಲ ಎಂದರೆ ನಂಬುವುದೇ ಇಲ್ಲ!

ಈ ಅಕ್ಕರೆಗೆ ಕಾರಣ ಬರೀ ನೆನಪಲ್ಲ ಎಂಬುದು ನನ್ನ ಗುಮಾನಿ. 1089 ಸಿಸಿ ಎಂಜಿನ್ನಿಗೆ ಅವಸರ ಗೊತ್ತಿಲ್ಲ. ಪವರ್ ಸ್ಟೀರಿಂಗ್ ಇಲ್ಲ. ತಿರುವಿನಲ್ಲಿ ಓಡಿಸುವವರ ತೋಳು ಪಡುವ ಪಾಡು ಹೊರಗಿನವರಿಗೂ ಕಾಣುತ್ತದೆ. ಯಾರಿಗೂ ಜಾಗ ಬಿಡದ ರಸ್ತೆಯಲ್ಲಿ ಬಸ್ಸಿನ ಡ್ರೈವರ್ ಕೂಡ ಕೈಬೀಸಿ ದಾರಿ ಕೊಡುವುದು ಅದಕ್ಕೇ ಇರಬೇಕು. ಹಿಂದಿನ ಬೈಕಿನವನ ಅಭಿಪ್ರಾಯ ಬೇರೆ. ಹೊಗೆ ಕುಡಿಯುವವನು ಅವನು ತಾನೆ?